ಕಿಲೋಮೀಟರ್ ಕಮ್ಮಿ ಓಡಿದೆ ಅಂತ ಬಿಡಬೇಡಿ: ಟೈಮಿಂಗ್ ಬೆಲ್ಟ್, ಎಂಜಿನ್ ಆಯಿಲ್ ಬದಲಿಸುವುದು ಯಾವಾಗ, ಹೇಗೆ?

ತಿಪಟೂರು ದಾಟಿ ಅರಸೀಕೆರೆ ಕಡೆಗೆ ಹೋಗುತ್ತಿದ್ದೆವು. ಮಾವನವರ ಹಳೇ ಪೆಟ್ರೋಲ್ ಕಾರು. ಗಾಡಿಗೆ 11 ವರ್ಷ, ಮೀಟರಿನಲ್ಲಿ ಬರೀ 48,000 ಕಿ.ಮೀ. ಓಡುತ್ತಿದ್ದ ಹಾಗೇ ಎಂಜಿನ್ ನಿಂತುಹೋಯಿತು. ಪಕ್ಕಕ್ಕೆ ಹಾಕಿ ಸೆಲ್ಫ್ ಹೊಡೆದರೆ ಎಂಜಿನ್ ಎಂದಿಗಿಂತ ಹಗುರವಾಗಿ ಗಿರ್ರನೆ ತಿರುಗಿತು, ಸ್ಟಾರ್ಟ್ ಆಗಲಿಲ್ಲ. ಇನ್ನೂ ಮೂರು ನಾಲ್ಕು ಸಲ ಹೊಡೆದೆ. ಹಾಗೆ ಮಾಡಬಾರದಿತ್ತು ಎಂದು ಆಮೇಲೆ ಗೊತ್ತಾಯಿತು.

ಅರಸೀಕೆರೆಯ ಮೆಕ್ಯಾನಿಕ್ ಟೈಮಿಂಗ್ ಕವರ್ ಬಿಚ್ಚಿ ತೋರಿಸಿದರು. ಬೆಲ್ಟ್ ಪೂರ್ತಿ ತುಂಡಾಗಿರಲಿಲ್ಲ. ಒಂದು ಅಂಗೈ ಉದ್ದಕ್ಕೆ ಹಲ್ಲುಗಳೆಲ್ಲ ಕಿತ್ತುಹೋಗಿ ಒಳಗಿನ ನೂಲು ಕಾಣುತ್ತಿತ್ತು. ಎಂಜಿನ್‌ನ ಮೇಲ್ಭಾಗವಾದ ಹೆಡ್ ಇಳಿಸಿದಾಗ ವಾಲ್ವ್‌ಗಳು ಬಾಗಿದ್ದವು. ಪಿಸ್ಟನ್ ತಲೆಯ ಮೇಲೆ ಉಗುರು ಒತ್ತಿದ ಹಾಗೆ ಅರ್ಧಚಂದ್ರದ ಗುರುತುಗಳು. "ಬೆಲ್ಟ್ ಯಾವಾಗ ಹಾಕ್ಸಿದ್ರಿ ಯಜಮಾನ್ರೇ?" ಅಂತ ಅವರು ಕೇಳಿದರು. "ಗಾಡಿ ಅಷ್ಟೊಂದು ಓಡೇ ಇಲ್ವಲ್ಲಪ್ಪ" ಅಂದರು ಮಾವ.

ನಮ್ಮಲ್ಲಿ ತುಂಬ ಜನ ಹೇಳುವ ಮಾತು ಇದೇ. ಗಾಡಿ ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಆಯಿಲ್ ಕೂಡ ಕೆಡುತ್ತದೆ. ಹಾಗಾಗಿಯೇ ಮ್ಯಾನುಯಲ್‌ನಲ್ಲಿ ಪ್ರತಿ ಸರ್ವಿಸ್‌ಗೂ ಕಿಲೋಮೀಟರ್ ಮತ್ತು ತಿಂಗಳು ಎರಡನ್ನೂ ಬರೆದಿರುತ್ತಾರೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಇರಲಿ.

ಬೆಲ್ಟ್ ಮಾಡುವ ಕೆಲಸ ಏನು?

ಪಿಸ್ಟನ್‌ಗಳು ಕೆಳಗಿನ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತವೆ. ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ಬಾಗಿಲುಗಳಂತೆ ಇರುವ ವಾಲ್ವ್‌ಗಳನ್ನು ಮೇಲಿನ ಕ್ಯಾಮ್ ಶಾಫ್ಟ್ ತೆರೆಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ಈ ತಾಳ ತಪ್ಪದಂತೆ ಎರಡನ್ನೂ ಕಟ್ಟಿಹಾಕಿರುವುದು ಹಲ್ಲುಗಳಿರುವ ಈ ರಬ್ಬರ್ ಬೆಲ್ಟ್. ಈಗಿನ ಹೆಚ್ಚಿನ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬರುವ ಜಾಗ, ವಾಲ್ವ್ ಕೆಳಗಿಳಿಯುವ ಜಾಗ ಎರಡೂ ಒಂದೇ. ತಾಳ ಸರಿಯಿದ್ದರೆ ಒಂದಕ್ಕೊಂದು ತಗಲುವುದಿಲ್ಲ. ಬೆಲ್ಟ್ ಕಟ್ ಆದರೆ ಕ್ಯಾಮ್ ನಿಂತುಬಿಡುತ್ತದೆ, ಆದರೆ ಕ್ರ್ಯಾಂಕ್ ಇನ್ನೂ ತಿರುಗುತ್ತಿರುತ್ತದೆ. ಮೇಲೆ ಬಂದ ಪಿಸ್ಟನ್ ತೆರೆದಿರುವ ವಾಲ್ವ್‌ಗೆ ಗುದ್ದುತ್ತದೆ. ಆಮೇಲೆ ನಾವು ಹೊಡೆಯುವ ಒಂದೊಂದು ಸೆಲ್ಫ್ ಕೂಡ ಇನ್ನೊಂದು ಗುದ್ದು. ಆದ್ದರಿಂದ ಓಡುತ್ತಿದ್ದ ಗಾಡಿ ತಟ್ಟನೆ ಆಫ್ ಆಗಿ, ಸೆಲ್ಫ್ ಹೊಡೆದಾಗ ಎಂಜಿನ್ ತೀರಾ ಹಗುರವಾಗಿ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಟೋ ಮಾಡಿಸಿ.

ಹೆಜ್ಜೆ 1: ನಿಮ್ಮ ಕಾರಿನಲ್ಲಿ ಬೆಲ್ಟ್ ಇದೆಯೋ, ಚೈನ್ ಇದೆಯೋ?

ಎಲ್ಲ ಕಾರಿಗೂ ಈ ಬೆಲ್ಟ್ ಇರುವುದಿಲ್ಲ. ಕೆಲವದರಲ್ಲಿ ಇದೇ ಕೆಲಸವನ್ನು ಲೋಹದ ಚೈನ್ ಮಾಡುತ್ತದೆ. ಮಾರುತಿ 800, ಹಳೇ ಸ್ಯಾಂಟ್ರೋ, 2.5 ಲೀಟರ್ ಡೀಸೆಲ್ ಇನ್ನೋವಾ, 1.5 ಡೀಸೆಲ್ ಡಸ್ಟರ್ ಇವುಗಳಲ್ಲಿ ಬೆಲ್ಟ್ ಇದೆ. ಹೊಸದರಲ್ಲಿ ಕುಶಾಕ್, ವರ್ಟಸ್‌ಗಳ 1.0 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ಗೂ ಬೆಲ್ಟೇ. ಸ್ವಿಫ್ಟ್‌ನ 1.2 ಪೆಟ್ರೋಲ್, ಅದರ ಹಳೇ 1.3 ಡೀಸೆಲ್, ಹೋಂಡಾ ಸಿಟಿಯ ಐ-ವಿಟೆಕ್ ಪೆಟ್ರೋಲ್ ಇವಕ್ಕೆ ಚೈನ್. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್‌ಗೆ ಒಂದು, ಡೀಸೆಲ್‌ಗೆ ಇನ್ನೊಂದು ಇರುವುದುಂಟು. ಹಾಗಾಗಿ ಕಾರಿನ ಹೆಸರಲ್ಲ, ಎಂಜಿನ್ ಯಾವುದು ಎಂದು ನೋಡಿ. ಮ್ಯಾನುಯಲ್‌ನ ಸರ್ವಿಸ್ ಪಟ್ಟಿಯಲ್ಲಿ ಟೈಮಿಂಗ್ ಬೆಲ್ಟ್ ಎಂಬ ಸಾಲು ಇದೆಯೇ ಹುಡುಕಿ. ಮ್ಯಾನುಯಲ್ ಕಳೆದುಹೋಗಿದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಚಾಸಿಸ್ ನಂಬರ್ ಹೇಳಿದರೆ ಸಾಕು.

ಬಾನೆಟ್ ಎತ್ತಿದ ಕೂಡಲೇ ಹೊರಗೆ ಕಾಣುವ ಬೆಲ್ಟ್ ಇದಲ್ಲ. ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎ.ಸಿ. ತಿರುಗಿಸುವ ಫ್ಯಾನ್ ಬೆಲ್ಟ್. "ಬೆಲ್ಟ್ ಹೋದ ವರ್ಷ ಹಾಕ್ಸಿದೀನಿ" ಎನ್ನುವವರು ಎಷ್ಟೋ ಸಲ ಈ ಬೆಲ್ಟಿನ ಬಗ್ಗೆ ಹೇಳುತ್ತಿರುತ್ತಾರೆ. ಬಿಲ್ ತೆಗೆದು ನೋಡಿ.

ಹೆಜ್ಜೆ 2: ಬೆಲ್ಟ್ ಬದಲಿಸುವ ದಿನ ಗೊತ್ತುಮಾಡಿಕೊಳ್ಳಿ

ಎಂಜಿನ್‌ನಿಂದ ಎಂಜಿನ್‌ಗೆ ಅವಧಿ ಬೇರೆ. ಕೆಲವಕ್ಕೆ 60,000 ಕಿ.ಮೀ., ಕೆಲವಕ್ಕೆ ಲಕ್ಷ, ಇನ್ನು ಕೆಲವಕ್ಕೆ ಅದಕ್ಕಿಂತ ಜಾಸ್ತಿ. ಜೊತೆಗೆ ವರ್ಷದ ಮಿತಿಯೂ ಇರುತ್ತದೆ. ನಿಮ್ಮ ಮ್ಯಾನುಯಲ್ ಹೇಳುವ ಅಂಕಿಯೇ ಕೊನೆ ಮಾತು, ಪಕ್ಕದ ಮನೆಯವರ ಕಾರಿನ ಅಂಕಿ ಅಲ್ಲ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೀರಾ? ಬೆಲ್ಟ್ ಬದಲಿಸಿದ ಬಿಲ್ ಕೈಗೆ ಸಿಗದಿದ್ದರೆ, ಬದಲಿಸಿಲ್ಲ ಎಂದೇ ಲೆಕ್ಕ ಹಿಡಿಯಿರಿ. ಮೀಟರ್ ಏನೇ ತೋರಿಸಲಿ, ಮಾರಿದವರು ಏನೇ ಹೇಳಲಿ. ಮೊದಲ ತಿಂಗಳಲ್ಲೇ ಹೊಸ ಬೆಲ್ಟ್ ಹಾಕಿಸಿ, ಆ ದಿನದಿಂದ ಲೆಕ್ಕ ಶುರುಮಾಡಿ.

ಬೆಲ್ಟ್ ಹಾಳಾಗುತ್ತಿದ್ದರೆ ಸದ್ದು ಬರುತ್ತೆ ಅಲ್ವಾ, ಆಗ ನೋಡಿದರಾಯಿತು ಎಂದುಕೊಳ್ಳಬೇಡಿ. ಹೆಚ್ಚಿನ ಬೆಲ್ಟ್‌ಗಳು ಯಾವ ಸೂಚನೆಯನ್ನೂ ಕೊಡದೆ ಹೋಗುತ್ತವೆ. ಕವರ್ ತೆಗೆದು ನೋಡಿದಾಗ ಬಿರುಕು, ಅಂಚಿನಲ್ಲಿ ನೂಲು ಬಿಚ್ಚಿರುವುದು, ಹಿಂಬದಿ ಗಾಜಿನಂತೆ ಹೊಳೆಯುವುದು, ಆಯಿಲ್ ಅಥವಾ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ತಾಗಿ ಒದ್ದೆಯಾಗಿರುವುದು ಕಂಡರೆ ಅವಧಿಗೆ ಕಾಯಬೇಡಿ. ನೋಡಲು ಚೆನ್ನಾಗಿದ್ದರೂ ಅವಧಿ ಮುಗಿದಿದ್ದರೆ ಬದಲಿಸಿ. ಇನ್ನೋವಾದಂಥ ಡೀಸೆಲ್ ಗಾಡಿಗಳ ಡ್ಯಾಶ್‌ಬೋರ್ಡ್‌ನಲ್ಲಿ ಟಿ-ಬೆಲ್ಟ್ ದೀಪ ಹತ್ತುತ್ತದೆ. ಅದು ಬೆಲ್ಟನ್ನು ಪರೀಕ್ಷಿಸಿ ಹತ್ತುವ ದೀಪವಲ್ಲ. ಬರೀ ಕಿಲೋಮೀಟರ್ ಎಣಿಸುತ್ತದೆ, ವರ್ಷ ಎಣಿಸುವುದಿಲ್ಲ.

ಹೆಜ್ಜೆ 3: ಬೆಲ್ಟ್ ಒಂದನ್ನೇ ಹಾಕಿಸಬೇಡಿ

ಈ ಕೆಲಸದಲ್ಲಿ ಖರ್ಚು ಜಾಸ್ತಿ ಬರುವುದು ಬೆಲ್ಟಿಗಲ್ಲ, ಬಿಚ್ಚಿ ಜೋಡಿಸುವ ಕೂಲಿಗೆ. ಅಷ್ಟೆಲ್ಲ ಬಿಚ್ಚಿದ ಮೇಲೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ಅದನ್ನು ದಾರಿಯಲ್ಲಿ ಹಿಡಿದಿಡುವ ಐಡ್ಲರ್ ಬೇರಿಂಗ್‌ಗಳನ್ನೂ ಹೊಸದು ಹಾಕಿಸಿ. ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟ್ ಕೂಡ ಉಳಿಯುವುದಿಲ್ಲ. ನಿಮ್ಮ ಎಂಜಿನ್‌ನಲ್ಲಿ ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುತ್ತಿದ್ದರೆ ಅದನ್ನೂ ಬದಲಿಸಿ. ಕ್ರ್ಯಾಂಕ್, ಕ್ಯಾಮ್ ಆಯಿಲ್ ಸೀಲ್‌ಗಳಲ್ಲಿ ಜಿನುಗಿದ್ದರೆ ಅವೂ ಇದೇ ಸಲ ಆಗಿಬಿಡಲಿ. ಬೆಲ್ಟ್, ಟೆನ್ಷನರ್, ಐಡ್ಲರ್ ಸೇರಿ ಸಾಮಾನ್ಯವಾಗಿ ಕಿಟ್ ಆಗಿಯೇ ಸಿಗುತ್ತವೆ.

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಒಂದು ಹಲ್ಲು ಆಚೀಚೆ ಕೂತರೂ ಟೈಮಿಂಗ್ ಔಟ್. ಆದರೆ ಪಕ್ಕದಲ್ಲಿ ನಿಂತು ನೋಡಲು ಯಾವ ಅಡ್ಡಿಯೂ ಇಲ್ಲ. ನೀವು ನೋಡಬೇಕಾದ್ದು ಒಂದು ಗಳಿಗೆ. ಬೆಲ್ಟ್ ಕೂರಿಸಿ ಟೆನ್ಷನ್ ಕೊಟ್ಟ ಮೇಲೆ ಒಳ್ಳೆಯ ಮೆಕ್ಯಾನಿಕ್ ಕೂಡಲೇ ಸೆಲ್ಫ್ ಹೊಡೆಯುವುದಿಲ್ಲ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸುತ್ತಾರೆ. ಕ್ಯಾಮ್‌ನ ಗುರುತು, ಕ್ರ್ಯಾಂಕ್‌ನ ಗುರುತು ಎರಡೂ ಮತ್ತೆ ತಮ್ಮ ಜಾಗಕ್ಕೇ ಬಂದು ನಿಂತವಾ ಎಂದು ಟಾರ್ಚ್ ಹಿಡಿದು ನೋಡುತ್ತಾರೆ. ಎಲ್ಲೋ ತಗಲಿದಂತಾದರೆ ಕೈಗೆ ಗೊತ್ತಾಗುತ್ತದೆ, ವಾಲ್ವ್ ಉಳಿಯುತ್ತದೆ. ಹೀಗೆ ಮಾಡುವವರನ್ನು ಕಂಡರೆ ಅವರ ಹತ್ತಿರವೇ ಗಾಡಿ ಬಿಡಿ. ಅರಸೀಕೆರೆಯಲ್ಲಿ ನನಗೆ ಸಿಕ್ಕವರು ಅಂಥವರು.

ಹೆಜ್ಜೆ 4: ಇನ್ನು ಆಯಿಲ್ ಲೆಕ್ಕ

ಇವತ್ತಿನ ಹೆಚ್ಚಿನ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ ಎಂದಿರುತ್ತದೆ. ಹಳೇ ಗಾಡಿಗಳಿಗೆ ಇದಕ್ಕಿಂತ ಬೇಗ. ಆದರೆ ಮ್ಯಾನುಯಲ್‌ನಲ್ಲಿ ಇನ್ನೊಂದು ಸಾಲು ಇರುತ್ತದೆ, ಯಾರೂ ಓದುವುದಿಲ್ಲ. ಧೂಳಿನ ರಸ್ತೆ, ಚಿಕ್ಕ ಚಿಕ್ಕ ಓಡಾಟ, ನಿಂತು ನಿಂತು ಹೋಗುವ ಟ್ರಾಫಿಕ್ ಇದ್ದರೆ ಇನ್ನೂ ಬೇಗ ಬದಲಿಸಿ ಎಂದು. ನಮ್ಮ ಎಷ್ಟು ಗಾಡಿಗಳು ಇದರಿಂದ ಹೊರಗಿವೆ ಹೇಳಿ?

ಲೆಕ್ಕ ಹಾಕಿ ನೋಡೋಣ. ಹೈವೇಯಲ್ಲಿ ಸರಾಸರಿ 50 ಕಿ.ಮೀ. ವೇಗದಲ್ಲಿ ಓಡಿದ ಗಾಡಿಗೆ 10,000 ಕಿ.ಮೀ. ಮುಗಿಯಲು 200 ಗಂಟೆ ಸಾಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯಿಂದ ದಿನಾ ಆಫೀಸಿಗೆ ಹೋಗುವ ಗಾಡಿ ಸರಾಸರಿ 15ರಲ್ಲಿ ತೆವಳಿದರೆ ಅದೇ ದೂರಕ್ಕೆ 660 ಗಂಟೆಗೂ ಮೀರಿ ಬೇಕು. ಸಿಗ್ನಲ್‌ನಲ್ಲಿ ನಿಂತಾಗ ಮೀಟರ್ ನಿಂತಿರುತ್ತದೆ, ಎಂಜಿನ್ ನಿಂತಿರುವುದಿಲ್ಲ. ಅಂಥ ಗಾಡಿಗೆ ನಾನಂತೂ 6,000 ಕಿ.ಮೀ. ದಾಟಲು ಬಿಡುವುದಿಲ್ಲ. ಮನೆಯಿಂದ ಮಾರ್ಕೆಟ್ಟಿಗೆ ಮಾತ್ರ ಹೋಗುವ ಕಾರಿನ ಕಥೆಯೂ ಇದೇ. ಎಂಜಿನ್ ಸರಿಯಾಗಿ ಬಿಸಿಯೇ ಆಗದೆ ಒಳಗೆ ನೀರಿನ ಪಸೆ ಉಳಿದು ಆಯಿಲ್ ಸೇರುತ್ತದೆ.

ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ, ಹೆದರಬೇಡಿ. ಹೆದರಬೇಕಾದ್ದು ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿ ನೊರೆ ನೊರೆಯಾದರೆ. ಕೂಲೆಂಟ್ ಸೇರುತ್ತಿರಬಹುದು. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಆಯಿಲ್ ದೀಪ ಹತ್ತಿದರೆ ಆ ಕ್ಷಣವೇ ಎಂಜಿನ್ ಆಫ್ ಮಾಡಿ. ಮನೆ ತನಕ ಹೋಗೋಣ ಅನ್ನುವಷ್ಟರಲ್ಲಿ ಬೇರಿಂಗ್ ಹೋಗಿರುತ್ತದೆ.

ಹೆಜ್ಜೆ 5: ಆಯಿಲ್ ಬದಲಿಸುವುದು

ಇದನ್ನು ಕಲಿತರೆ ಮನೆಯಲ್ಲೇ ಮಾಡಬಹುದು. ಮೊದಲು ಗ್ರೇಡ್, ಅಂದರೆ ಆಯಿಲ್ ಎಷ್ಟು ಗಟ್ಟಿ ಎಂದು ಹೇಳುವ ಗುರುತು. ಮ್ಯಾನುಯಲ್‌ನಲ್ಲಿ 5ಡಬ್ಲ್ಯು-30 ಎಂದಿದ್ದರೆ ಅದೇ ತನ್ನಿ. 'ಡಬ್ಲ್ಯು' ಅಂದರೆ ಚಳಿಗಾಲ. ಅದಕ್ಕಿಂತ ಮೊದಲು ಬರುವ ಅಂಕಿ (5) ಆಯಿಲ್ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ, ನಂತರದ್ದು (30) ಬಿಸಿಯಲ್ಲಿ ಎಷ್ಟು ಗಟ್ಟಿ ಇರುತ್ತದೆ ಎಂದು ಹೇಳುತ್ತದೆ. ನಮ್ಮ ಊರು ಸೆಕೆ, ಗಟ್ಟಿ ಆಯಿಲ್ಲೇ ಒಳ್ಳೇದು ಎಂದು ಅಂಗಡಿಯವರು ಹೇಳಿದರೂ ಬದಲಾಯಿಸಬೇಡಿ. ಕೆಲವು ಎಂಜಿನ್‌ಗಳಲ್ಲಿ ಇದು ಬೆಲ್ಟಿನ ಪ್ರಶ್ನೆಯೂ ಹೌದು. ಇಕೋಸ್ಪೋರ್ಟ್‌ನ 1.0 ಲೀಟರ್ ಟರ್ಬೊ ಪೆಟ್ರೋಲ್‌ನಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ನೆನೆದು ಓಡುತ್ತದೆ. ತಪ್ಪು ಆಯಿಲ್ ಹಾಕಿದರೆ ರಬ್ಬರ್ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ.

ಗಾಡಿಯನ್ನು ಐದು ನಿಮಿಷ ಓಡಿಸಿ ಬನ್ನಿ, ಆಯಿಲ್ ಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ. ಸಮತಟ್ಟಾದ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ದಯವಿಟ್ಟು ಯಾವತ್ತೂ ನುಗ್ಗಬೇಡಿ. ಗಟ್ಟಿ ಸ್ಟ್ಯಾಂಡ್ ಇರಲೇಬೇಕು. ಮೇಲಿನ ಆಯಿಲ್ ಮುಚ್ಚಳ ತೆಗೆದು, ಕೆಳಗೆ ಅಗಲದ ಟಬ್ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಹದಿನೈದು ನಿಮಿಷ ಬಿಡಿ. ಬೋಲ್ಟ್ ವಾಪಸ್ ಹಾಕುವಾಗ ಹೊಸ ವಾಷರ್ ಹಾಕಿ.

ಫಿಲ್ಟರ್ ಬದಲಿಸದೆ ಆಯಿಲ್ ಮಾತ್ರ ಬದಲಿಸಿದರೆ ದುಡ್ಡು ದಂಡ. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದೆಯಾ, ಬೆರಳಿನಿಂದ ಸವರಿ ನೋಡಿ. ಅದರ ಮೇಲೇ ಹೊಸದು ಹಾಕಿದರೆ ದಾರಿಯಲ್ಲಿ ಆಯಿಲ್ಲೆಲ್ಲ ಸುರಿದುಹೋಗುತ್ತದೆ. ಹೊಸ ಫಿಲ್ಟರ್‌ನ ರಿಂಗಿಗೆ ಒಂದು ಹನಿ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿ. ರಿಂಗ್ ತಗಲಿದ ಮೇಲೆ ಮುಕ್ಕಾಲು ಸುತ್ತು ಸಾಕು.

ಮ್ಯಾನುಯಲ್ ಹೇಳಿದ್ದರಲ್ಲಿ ಮುಕ್ಕಾಲು ಭಾಗ ಸುರಿದು, ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ. ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ ಒಟ್ಟು ಮೂರರಿಂದ ಮೂರೂವರೆ ಲೀಟರ್ ಹಿಡಿಯುತ್ತದೆ. ಸ್ವಲ್ಪ ಸ್ವಲ್ಪ ಸೇರಿಸಿ, ಒಂದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿ. ಐದು ನಿಮಿಷ ಕಾದು ಮತ್ತೆ ನೋಡಿ. ಎರಡು ಗುರುತುಗಳ ನಡುವೆ, ಮೇಲಿನದರ ಹತ್ತಿರ ಇರಬೇಕು. ಮೇಲಿನ ಗುರುತು ದಾಟಿದರೆ ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತದೆ. ಜಾಸ್ತಿಯಾದದ್ದನ್ನು ತೆಗೆಯಲೇಬೇಕು.

ಹಳೇ ಆಯಿಲ್ಲನ್ನು ಚರಂಡಿಗೆ, ತೋಟಕ್ಕೆ ಸುರಿಯಬೇಡಿ. ಮಣ್ಣು, ಬಾವಿ ಎರಡೂ ಕೆಡುತ್ತವೆ. ಖಾಲಿ ಕ್ಯಾನಿಗೇ ತುಂಬಿ, ಹಳೇ ಆಯಿಲ್ ಡ್ರಮ್ಮಿನಲ್ಲಿ ಕೂಡಿಟ್ಟು ರೀಸೈಕ್ಲಿಂಗ್‌ಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ. ಉಳಿದ ಖಾಲಿ ಕ್ಯಾನ್‌ಗಳಿಗೆ ತೂತು ಹಾಕಿಯೇ ಎಸೆಯಿರಿ. ನಕಲಿ ಆಯಿಲ್ ತುಂಬುವವರಿಗೆ ಇಂಥ ಕ್ಯಾನ್‌ಗಳೇ ಬೇಕು.

ಕೊನೆಗೆ ಒಂದು ಸ್ಟಿಕ್ಕರ್ ಮೇಲೆ ತಾರೀಕು, ಮೀಟರ್ ರೀಡಿಂಗ್, ಆಯಿಲ್ ಗ್ರೇಡ್ ಬರೆದು ಬಾನೆಟ್ ಒಳಗೆ ಅಂಟಿಸಿ. ಬೆಲ್ಟಿಗೆ ಬೇರೆ ಸ್ಟಿಕ್ಕರ್. ರಾತ್ರಿ ಗಾಡಿಯ ಕೆಳಗೆ ಹಳೇ ಪೇಪರ್ ಹಾಸಿ, ಬೆಳಿಗ್ಗೆ ಎದ್ದು ನೋಡಿ. ಒಂದು ಹನಿಯೂ ಬಿದ್ದಿರಬಾರದು.