ಸೋಮವಾರ ಬರ್ತೀನಿ ಅಂದ ಆಪರೇಟರ್ ಸೋಮವಾರವೇ ಬರಬೇಕಾದರೆ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸುತ್ತು ಹಾಕಿ. ಗೇಟುಗಳ ಮೇಲೆ ಒಂದೇ ಥರದ ಬೋರ್ಡ್ ಕಾಣುತ್ತದೆ: ‘ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ. ಅನುಭವಿಗಳಿಗೆ ಆದ್ಯತೆ.’ ಸಿಎನ್‌ಸಿ ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡೆಯುವ ಮಷಿನ್. ಬಿಸಿಲಿಗೆ ಬಣ್ಣ ಹೋಗಿರುತ್ತದೆ, ಬೋರ್ಡ್ ಮಾತ್ರ ಇಳಿದಿರುವುದಿಲ್ಲ. ನಮ್ಮ ವರ್ಕ್‌ಶಾಪಿನ ಗೇಟಿಗೂ ಎರಡು ವರ್ಷ ಅಂಥದ್ದೊಂದು ನೇತಾಡುತ್ತಿತ್ತು. ಹುಡುಗರು ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು, ‘ಸೋಮವಾರದಿಂದ ಬರ್ತೀನ್ರಿ ಸರ್’ ಅನ್ನುತ್ತಿದ್ದರು. ಸೋಮವಾರ ಫೋನ್ ಸ್ವಿಚ್ ಆಫ್.

ಬಹಳ ದಿನ ನಾನೂ ಹುಡುಗರನ್ನೇ ಬೈದೆ. ಆಮೇಲೆ ಲೆಕ್ಕ ತಿಳಿಯಿತು. ಇಲ್ಲಿನ ಫೌಂಡ್ರಿಗಳಿಗೆ, ಹೈಡ್ರಾಲಿಕ್ಸ್ ಘಟಕಗಳಿಗೆ, ಹತ್ತರಗಿಯ ವಿಮಾನ ಬಿಡಿಭಾಗಗಳ ಕಾರ್ಖಾನೆಗೆ ಬೇಕಾದವನು ಅದೇ ಹುಡುಗ. ಹೆದ್ದಾರಿ ಹಿಡಿದರೆ ಕೊಲ್ಹಾಪುರ, ಮುಂದೆ ಪುಣೆಯ ಚಾಕಣ. ಇತ್ತ ಘಾಟ್ ಇಳಿದರೆ ಗೋವಾ. ಮೊದಲು ನಾವು ಆರಿಸುತ್ತಿದ್ದೆವು, ಈಗ ಅವನೂ ಆರಿಸುತ್ತಾನೆ. ಹತ್ತಿಪ್ಪತ್ತು ಜನರ ಸಣ್ಣ ಘಟಕದವರು ಈ ಕಾಲದಲ್ಲಿ ಆಳು ಹಿಡಿಯುವುದು ಹೇಗೆ? ನಾವು ಎಡವುತ್ತಾ ಕಲಿತ ಕ್ರಮ ಇಲ್ಲಿದೆ.

ಮೊದಲು ಕೆಲಸವನ್ನು ಹಾಳೆಯಲ್ಲಿ ಬರೆಯಿರಿ

‘ಆಪರೇಟರ್’ ಅಂದರೆ ಯಾರು? ಪೀಸ್ ಹಾಕಿ ಬಟನ್ ಒತ್ತುವವನೇ? ಟೂಲ್ ಸವೆದಾಗ ಆಫ್‌ಸೆಟ್ ಕೊಡುವವನೇ, ಅಂದರೆ ಸವೆದಷ್ಟು ಅಳತೆಯನ್ನು ಮಷಿನ್‌ನಲ್ಲಿ ಸರಿಪಡಿಸುವವನೇ? ಅಥವಾ ಡ್ರಾಯಿಂಗ್ ನೋಡಿ ಹೊಸ ಜಾಬ್ ಸೆಟ್ ಮಾಡುವವನೇ? ಇವರು ಮೂರು ಜನ, ಇವರದು ಮೂರು ಪಗಾರ. ನಾವು ಮೂರನೆಯವನನ್ನು ಹುಡುಕುತ್ತಾ ಮೊದಲನೆಯವನ ಪಗಾರ ಹೇಳುತ್ತಿದ್ದೆವು! ಯಾವ ಮಷಿನ್, ಯಾವ ಕಂಟ್ರೋಲರ್, ಎಷ್ಟು ಶಿಫ್ಟ್ ಎಂದು ಐದು ಸಾಲು ಬರೆಯಿರಿ. ‘ಐದು ವರ್ಷ ಅನುಭವ’ ಎಂಬುದನ್ನು ಹೊಡೆದುಹಾಕಿ. ಐದು ವರ್ಷ ಒಂದೇ ಬಟನ್ ಒತ್ತಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪಗಾರ ಮುಚ್ಚಿಡಬೇಡಿ

‘ಪಗಾರ ಆಮೇಲೆ ಮಾತಾಡೋಣ’ ಅಂದರೆ ಹುಡುಗ ಅಲ್ಲೇ ಅರ್ಧ ಹೊರಟಂತೆ. ಒಟ್ಟು ಎಷ್ಟು, ಕಟ್ ಎಷ್ಟು, ಕೈಗೆ ಎಷ್ಟು ಎಂದು ಮೊದಲೇ ಹೇಳಿ. ಪಗಾರ 18,000 ರೂಪಾಯಿ ಅಂದುಕೊಳ್ಳಿ. ಇಎಸ್‌ಐ (ಕಾರ್ಮಿಕರ ವಿಮೆ) ಶೇ 0.75, ಅಂದರೆ 135 ರೂಪಾಯಿ. ಪಿಎಫ್ (ಭವಿಷ್ಯ ನಿಧಿ) 15,000ದ ಮಿತಿಗೆ ಶೇ 12ರಂತೆ 1,800. ಕೈಗೆ 16,065. ಈ ಕೊನೆಯ ಅಂಕಿ ಅವನಿಗೆ ಮೊದಲ ತಿಂಗಳ ಏಳನೇ ತಾರೀಕು ಗೊತ್ತಾಗಬಾರದು, ಮೊದಲ ದಿನವೇ ಗೊತ್ತಾಗಬೇಕು. ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ದುಡಿಮೆಗೆ, ಕಾನೂನಿನಂತೆ ದುಪ್ಪಟ್ಟು ಕೊಡಬೇಕು, ಅದನ್ನೂ ಬಾಯಿಬಿಟ್ಟು ಹೇಳಿ.

ಬೋರ್ಡ್ ಬಿಟ್ಟು ಬೇರೆ ಎಲ್ಲಿ ಹುಡುಕುವುದು?

ಐಟಿಐ ಮೇಷ್ಟ್ರುಗಳ ಹತ್ತಿರ ಹೋಗಿ. ಪರೀಕ್ಷೆ ಮುಗಿದ ಮೇಲಲ್ಲ, ಮೂರು ತಿಂಗಳು ಮುಂಚೆ. ವಾಟ್ಸ್ಆ್ಯಪ್‌ಗೆ ಪೋಸ್ಟರ್ ಬದಲು ನಿಮ್ಮದೇ ದನಿಯಲ್ಲಿ ಅರ್ಧ ನಿಮಿಷದ ಸಂದೇಶ ಕಳಿಸಿ. ಕನ್ನಡದಲ್ಲೊಂದು, ಮರಾಠಿಯಲ್ಲೊಂದು. ಪೋಸ್ಟರ್ ಯಾರೂ ಓದುವುದಿಲ್ಲ, ದನಿ ಕೇಳುತ್ತಾರೆ. ಇದ್ದ ಕೆಲಸಗಾರರು ಯಾರನ್ನಾದರೂ ಕರೆತಂದರೆ ಬಹುಮಾನ ಕೊಡಿ, ಆದರೆ ಬಂದವನು ಮೂರು ತಿಂಗಳು ನಿಂತ ಮೇಲೆ.

ಖಾನಾಪುರ, ಕಿತ್ತೂರು, ಬೈಲಹೊಂಗಲ ಕಡೆಯವರಾದರೆ ತಪ್ಪದೇ ಕೇಳಬೇಕಾದ ಪ್ರಶ್ನೆ: ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ಊರಿಗೆ ಹೇಗೆ ಹೋಗುತ್ತೀಯಪ್ಪ? ಬಸ್ ಸಿಗದ್ದಕ್ಕೇ ನಾವು ಇಬ್ಬರು ಒಳ್ಳೆಯ ಹುಡುಗರನ್ನು ಕಳೆದುಕೊಂಡೆವು. ಇನ್ನು ಡಿಪ್ಲೊಮಾ ಮಾಡಿದ ಹೆಣ್ಣುಮಕ್ಕಳನ್ನು ಇನ್ಸ್‌ಪೆಕ್ಷನ್ ಟೇಬಲ್ಲಿಗೆ ಮಾತ್ರ ಕೂರಿಸುವ ಚಾಳಿ ನಮ್ಮಲ್ಲಿದೆ. ಆಳಿಲ್ಲ ಎಂದು ಅಳುತ್ತಾ ಅರ್ಧ ಜನರನ್ನು ಮಷಿನ್ ಹತ್ತಿರ ಬಿಟ್ಟುಕೊಳ್ಳದಿದ್ದರೆ ಹೇಗೆ?

ಸಂದರ್ಶನ ಮಷಿನ್ ಪಕ್ಕದಲ್ಲೇ ಇರಲಿ

‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆ ಬಿಟ್ಟುಬಿಡಿ. ಚೆನ್ನಾಗಿ ಮಾತಾಡುವವನು ಚೆನ್ನಾಗಿ ಟರ್ನಿಂಗ್ ಮಾಡುತ್ತಾನೆ ಅಂತೇನಿಲ್ಲ. ನಾವು ಮಾಡುವುದು ಇಷ್ಟೇ. 25 ಮಿ.ಮೀ. ವ್ಯಾಸದ ಶಾಫ್ಟ್ ಒಂದನ್ನು ಕೈಗೆ ಕೊಡುತ್ತೇವೆ, ಜೊತೆಗೆ ಡ್ರಾಯಿಂಗ್. ಮೇಲಿನ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಏರುಪೇರು) ಸೊನ್ನೆ, ಕೆಳಗಿನದು ಮೈನಸ್ 0.021. ಪಕ್ಕದಲ್ಲಿ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್ ಮಾತ್ರ ಇಟ್ಟಿರುತ್ತೇವೆ. ‘ಈ ಪೀಸ್ ಪಾಸಾ, ರಿಜೆಕ್ಟಾ?’

ಕೆಲವರು ವರ್ನಿಯರ್ ಹಿಡಿದು ಅಳೆದು ‘ಪಾಸ್’ ಅನ್ನುತ್ತಾರೆ. ಕೆಲವರು ಡ್ರಾಯಿಂಗನ್ನೇ ತಿರುಗಾಮುರುಗಾ ಹಿಡಿಯುತ್ತಾರೆ. ಒಬ್ಬ ಹುಡುಗ ಮಾತ್ರ ಸ್ವಲ್ಪ ನಾಚಿಕೆಯಿಂದಲೇ ‘ಸರ್, ಮೈಕ್ರೋಮೀಟರ್ ಇಲ್ಲೇನ್ರಿ?’ ಅಂದ. ಮೈಕ್ರೋಮೀಟರ್ ಇನ್ನೂ ಸೂಕ್ಷ್ಮವಾಗಿ ಅಳೆಯುವ ಉಪಕರಣ. ಸಾಮಾನ್ಯ ವರ್ನಿಯರ್ ತೋರಿಸುವುದು 0.02 ಮಿ.ಮೀ.ವರೆಗೆ. ನಮಗೆ ಬೇಕಾದ ಅಳತೆ 24.979ರಿಂದ 25.000ದ ಒಳಗಿನದು. ಈ ಸಂದಿಯನ್ನು ವರ್ನಿಯರ್‌ನಿಂದ ನಂಬಿ ಅಳೆಯಲಾಗದು ಎಂದು ಅವನಿಗೆ ಗೊತ್ತಿತ್ತು. ಅವನ ಸರ್ಟಿಫಿಕೇಟ್ ನಾನು ಆಮೇಲೆ ನೋಡಿದೆ.

ಇನ್ನೊಂದು ಪ್ರಶ್ನೆ: ಹತ್ತನೇ ಪೀಸ್ 25.004 ಬಂತು, ಏನು ಮಾಡುತ್ತೀಯ? ‘ಮಷಿನ್ ನಿಲ್ಲಿಸಿ ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ನೋಡ್ತೀನಿ’ ಅಂದರೆ ಒಳ್ಳೆಯದು. ‘ನಿಮ್ಮನ್ನ ಕರೀತೀನಿ’ ಅಂದರೂ ಒಳ್ಳೆಯದೇ, ಹೊಸಬ ಕಲಿಯುತ್ತಾನೆ. ‘ನಡೀತದ ಬಿಡ್ರಿ ಸರ್’ ಅಂದವನನ್ನು ಚಹಾ ಕೊಟ್ಟು ಕಳಿಸಿ. ಟ್ರಯಲ್ ಹೆಸರಲ್ಲಿ ದಿನವಿಡೀ ದುಡಿಸಿದರೆ ಆ ದಿನದ ಪಗಾರ ಕೊಡಿ. ಸುಮ್ನೆ ದುಡಿಸಿಕೊಂಡ ಸುದ್ದಿ ಸಂಜೆಯೊಳಗೆ ಇಡೀ ಉದ್ಯಮಬಾಗ ಸುತ್ತುತ್ತದೆ.

ಹೂಂ ಅಂದಮೇಲಿನ ನಾಲ್ಕು ದಿನ

ಗುರುವಾರ ಹೂಂ ಅಂದ ಹುಡುಗ ಭಾನುವಾರದೊಳಗೆ ಬೇರೆಯವರ ಪಾಲಾಗುತ್ತಾನೆ. ಹಾಗಾಗಿ ನೇಮಕಾತಿ ಪತ್ರವನ್ನು ಅದೇ ದಿನ ಕೈಗೆ ಕೊಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದು ಹೇಗೂ ಕೊಡಲೇಬೇಕಾದದ್ದು. ಶನಿವಾರ ಫೋನ್ ಮಾಡಿ. ‘ಬರ್ತಿ ಅಲ್ವಾ?’ ಎಂದು ಕೇಳಿದರೆ ಸಾಲದು. ಯಾರು ಭೇಟಿಯಾಗುತ್ತಾರೆ, ಊಟ ಎಲ್ಲಿ, ಶೂ ಸೈಜ್ ಎಷ್ಟು ಎಂದು ಮಾತಾಡಿ. ಶೂ ಸೈಜ್ ಕೇಳಿದ ಮೇಲೆ ಬಾರದವರು ನಮ್ಮಲ್ಲಿ ಕಡಿಮೆ, ಯಾಕೋ ಗೊತ್ತಿಲ್ಲ.

ಓಡಿಹೋಗದಿರಲಿ ಎಂದು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸಿದುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಅದು ತಪ್ಪು, ಮತ್ತೆ ಒಳ್ಳೆಯ ಹುಡುಗ ಅದನ್ನು ಕೇಳಿದ ಕೂಡಲೇ ಎದ್ದು ಹೋಗುತ್ತಾನೆ.

ಹಣದ ಸಹಾಯವನ್ನೂ ಬಿಡಬೇಡಿ

30ಕ್ಕಿಂತ ಕಡಿಮೆ ಜನರಿದ್ದರೂ, ಕನಿಷ್ಠ ನಾಲ್ಕು ಜನರಿದ್ದರೆ ಅಪ್ರೆಂಟಿಸ್ (ಕೆಲಸ ಕಲಿಯುವವರು) ಇಟ್ಟುಕೊಳ್ಳಬಹುದು. ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ 25, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಕೊಡುತ್ತದೆ. ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒದಲ್ಲಿ ನೋಂದಣಿ ಇದ್ದರೆ ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯೂ ಇದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಸೇರಿದ ಹೊಸಬರಿಗೆ ಇದು ಅನ್ವಯ. 50ಕ್ಕಿಂತ ಕಡಿಮೆ ಜನರಿರುವ ಘಟಕ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ತೆಗೆದುಕೊಂಡು ಆರು ತಿಂಗಳು ಉಳಿಸಿಕೊಳ್ಳಬೇಕು. ಆಗ ಒಬ್ಬರಿಗೆ ತಿಂಗಳಿಗೆ 3,000 ರೂಪಾಯಿವರೆಗೆ ಮಾಲೀಕರಿಗೆ ಸಿಗುತ್ತದೆ. ವಿವರ ನಿಮ್ಮ ಪಿಎಫ್ ನೋಡಿಕೊಳ್ಳುವವರನ್ನು ಕೇಳಿ.

ಮೊದಲ ಮೂರು ತಿಂಗಳು

ಹೊಸಬನನ್ನು ಒಬ್ಬನೇ ಹಿರಿಯನಿಗೆ ಗಂಟು ಹಾಕಿ. ಹತ್ತು ಜನ ಹತ್ತು ಥರ ಹೇಳಿದರೆ ಅವನು ಕೆಡುತ್ತಾನೆ. ಸುಗ್ಗಿ ಯಾವಾಗ, ಊರ ಜಾತ್ರೆ ಯಾವಾಗ, ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗುತ್ತಾರಾ ಎಂದು ಸೇರುವಾಗಲೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೇಳದಿದ್ದರೂ ಅವರು ಹೋಗುತ್ತಾರೆ. ಕೇಳಿದ್ದರೆ ಆ ವಾರ ದೊಡ್ಡ ಆರ್ಡರ್ ಒಪ್ಪಿಕೊಳ್ಳದೆ ಇರಬಹುದು.

ಬಿಟ್ಟು ಹೋಗುವವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು ಎನ್ನುತ್ತದೆ ವೇತನ ಸಂಹಿತೆ. ಮುಖ ಗಂಟು ಹಾಕದೆ ಕೊಟ್ಟುಬಿಡಿ, ಫೋನ್ ನಂಬರನ್ನೂ ಅಳಿಸಬೇಡಿ. ಮೈಕ್ರೋಮೀಟರ್ ಕೇಳಿದ ನಮ್ಮ ಹುಡುಗ ಎರಡು ವರ್ಷವಾದ ಮೇಲೆ ಚಾಕಣಕ್ಕೆ ಹೋದ. ಗಣಪತಿ ಹಬ್ಬಕ್ಕೆ ಊರಿಗೆ ಬಂದಾಗ ವರ್ಕ್‌ಶಾಪಿಗೂ ಬಂದ, ಜೊತೆಗೆ ಅವನ ಚಿಕ್ಕಪ್ಪನ ಮಗ. ‘ಇವಂಗೂ ಆ ಶಾಫ್ಟ್ ಕೊಡ್ರಿ ಸರ್’ ಅಂದ.