ಒಗ್ಗಟ್ಟು ಅಳಿಸಿ ಐಕ್ಯ ಬರೆದೆ

ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತು. ಸಹಕಾರ ಸಂಘವೊಂದರ ವಾರ್ಷಿಕ ಸಭೆಯ ಕರಪತ್ರ ಬಂತು. ‘ಬನ್ನಿ, ಒಗ್ಗಟ್ಟಾಗೋಣ’ ಅಂತಿತ್ತು. ಸಪ್ಪೆ ಅನ್ನಿಸಿ ‘ಐಕ್ಯರಾಗೋಣ’ ಅಂತ ತಿದ್ದಿದೆ. ಸಂಘದ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಓದಿದರು. ‘ಏನಪ್ಪಾ, ನಮ್ಮನ್ನೆಲ್ಲ ಒಟ್ಟಿಗೇ ಕಳಿಸಿಬಿಡೋ ಯೋಚನೆನಾ?’ ಅಂದರು. ಪುಣ್ಯಕ್ಕೆ ಇನ್ನೂ ಅಚ್ಚಾಗಿರಲಿಲ್ಲ.

ಹೌದಲ್ವಾ! ವೀರಶೈವ ಲಿಂಗಾಯತ ಸ್ವಾಮಿಗಳು ತೀರಿಕೊಂಡರೆ ‘ಲಿಂಗೈಕ್ಯ’ ಅಂತಲೇ ಬರೆಯುತ್ತೇವೆ. ಕೂಡಲಸಂಗಮದಲ್ಲಿರುವುದು ಬಸವಣ್ಣನವರ ಐಕ್ಯಮಂಟಪ. ಷಟ್‌ಸ್ಥಲ ಅಂದರೆ ಶರಣರ ಸಾಧನೆಯ ಆರು ಹಂತ, ಅದರಲ್ಲೂ ಕಡೆಯದು ಐಕ್ಯ. ಉಪ್ಪು ನೀರಲ್ಲಿ ಕರಗಿದ ಹಾಗೆ, ಬೇರೆ ಅಂತ ಏನೂ ಉಳಿಯುವುದಿಲ್ಲ. ಪಕ್ಷ, ಸಂಘಟನೆಗಳವರು ‘ಐಕ್ಯತೆ’ ಅನ್ನುತ್ತಾರೆ, ಅದು ನಡೆಯುತ್ತದೆ. ಐಕ್ಯಕ್ಕೆ ಮತ್ತೆ ‘ತೆ’ ಯಾಕೆ ಅಂತ ಕೆಲವರು ಸಿಡುಕುತ್ತಾರೆ. ನಾನು ಸುಮ್ನೆ ಬಿಟ್ಟುಬಿಡುತ್ತೇನೆ.

ಒಗ್ಗಟ್ಟಿನ ದಾರಿಯೇ ಬೇರೆ. ‘ಒರ್’ ಅಂದರೆ ಒಂದು, ಅದಕ್ಕೆ ‘ಕಟ್ಟು’ ಸೇರಿ ಒಗ್ಗಟ್ಟು. ಒಗ್ಗೂಡು, ಒಮ್ಮನ ಆಗಿರುವುದೂ ಹೀಗೆಯೇ. ಮಾರ್ಕೆಟ್ಟಿನ ಮೆಂತ್ಯ ಸೊಪ್ಪಿನ ಕಟ್ಟು ನೋಡಿ. ಕಡ್ಡಿಗಳೆಲ್ಲ ಬೇರೆ ಬೇರೆ, ಕೆಲವಕ್ಕೆ ಇನ್ನೂ ಬೇರಿನ ಮಣ್ಣು. ಬಾಳೆನಾರು ಹಿಡಿದಿಟ್ಟಿರುತ್ತದೆ. ನಾರು ಬಿಚ್ಚಿದರೆ ಚೆಲ್ಲಾಪಿಲ್ಲಿ. ಅದಕ್ಕೇ ಒಗ್ಗಟ್ಟು ‘ಮುರಿಯಿತು’ ಅನ್ನುತ್ತೇವೆ.

ಈಗ ಅನುಮಾನ ಬಂದರೆ ಪದ ಅದಲುಬದಲು ಮಾಡಿ ಗಟ್ಟಿಯಾಗಿ ಓದುತ್ತೇನೆ. ‘ಅಣ್ಣತಮ್ಮಂದಿರಲ್ಲಿ ಏಕತೆ ಇಲ್ಲ’ ಅಂದರೆ ಭಾಷಣ ಕೇಳಿದಂತಾಗುತ್ತದೆ. ‘ವಿವಿಧತೆಯಲ್ಲಿ ಒಗ್ಗಟ್ಟು’ ಕಿವಿಗೆ ಹತ್ತುವುದಿಲ್ಲ, ಅಲ್ಲಿ ಏಕತೆಯೇ ಬೇಕು. ಏಕೀಕರಣದ ಜಾಗದಲ್ಲಂತೂ ಇವೆರಡೂ ಕೂರುವುದಿಲ್ಲ. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳನ್ನು 1956ರ ನವೆಂಬರ್ 1ರಂದು ಒಂದೇ ರಾಜ್ಯ ಮಾಡಿದ್ದು ಏಕೀಕರಣ. ಅದಕ್ಕಾಗಿ ದಶಕಗಳ ಕಾಲ ಜನ ತೋರಿಸಿದ್ದು ಒಗ್ಗಟ್ಟು.

ನನಗೆ ಜಾಸ್ತಿ ಕಾಟ ಕೊಡುವುದು ಒಮ್ಮತ. ಅದೇ ಸಂಘದವರು ಮುಂದಿನ ವರ್ಷ ವರದಿ ತಂದರು. ‘ಎಲ್ಲರ ಒಗ್ಗಟ್ಟಿನಿಂದ ನಿರ್ಣಯ ಅಂಗೀಕಾರವಾಯಿತು’ ಅಂತಿತ್ತು. ‘ಒಮ್ಮತದಿಂದ’ ಅಂತ ತಿದ್ದಬೇಕಾ ಅಂತ ಕೇಳಿದೆ. ಹಿರಿಯರು ನಕ್ಕರು. ಲಾಭಾಂಶದ ವಿಷಯಕ್ಕೆ ಸಭೆಯಲ್ಲಿ ಕುರ್ಚಿ ಎತ್ತುವಷ್ಟು ಜಗಳ ಆಗಿತ್ತಂತೆ. ಆಮೇಲೆ ಜಗಳ ಆಡಿದವರೇ ಒಂದೇ ಟೆಂಪೋ ಹತ್ತಿ ಊರಿಗೆ ಹೋದರಂತೆ.

ನಿರ್ಣಯದ ಸಾಲಿಗೆ ‘ಬಹುಮತದಿಂದ’ ಅಂತ ಹಾಕಿದೆ. ಕೊನೆಯ ಪುಟದಲ್ಲಿ ‘ನಮ್ಮ ಸದಸ್ಯರ ಒಗ್ಗಟ್ಟು’ ಅಂತ ಇದ್ದದ್ದನ್ನು ಮುಟ್ಟಲಿಲ್ಲ.