ಯಾವ ಕಾಲಕ್ಕೆ ಯಾವ ಕೆಲಸ: ಸ್ಕೇಲ್ ಮಾಡೆಲ್ ಕಟ್ಟುವವರಿಗೆ

ಶುರು ಮಾಡಿದ ಕಿಟ್ (ತುಂಡು ಜೋಡಿಸಿ ಬಣ್ಣ ಹೊಡೆದು ಕಟ್ಟುವ ಚಿಕ್ಕ ಮಾಡೆಲ್) ಯಾಕೆ ಮುಗಿದಿಲ್ಲ ಅಂತ ಯಾರನ್ನಾದರೂ ಕೇಳಿ, ಉತ್ತರ ಒಂದೇ: ಟೈಮ್ ಸಿಗಲಿಲ್ಲ. ಸುಮ್ನೆ ಒಂದು ಸಲ ಲೆಕ್ಕ ಹಾಕಿ ನೋಡಿ. 1/72 ಅಳತೆಯ, ಅಂದರೆ ನಿಜವಾದದ್ದರ 72ರಲ್ಲಿ ಒಂದು ಭಾಗದಷ್ಟಿರುವ ಒಂದು ಚಿಕ್ಕ ವಿಮಾನಕ್ಕೂ ಅಂಟು ಹಿಡಿಯಬೇಕು, ಪುಟ್ಟಿ ಗಟ್ಟಿಯಾಗಬೇಕು, ಪ್ರೈಮರ್ (ಬಣ್ಣ ಹಿಡಿಯಲು ಹಾಕುವ ಮೊದಲ ಪದರ) ಒಣಗಬೇಕು, ಆಮೇಲೆ ಬಣ್ಣ, ಅದರ ಮೇಲೆ ಹೊಳಪಿನ ಪದರ ಅಂದರೆ ಗ್ಲಾಸ್ ಕೋಟ್, ಅದರ ಮೇಲೆ ಡೀಕಾಲ್ (ನೀರಲ್ಲಿ ನೆನೆಸಿ ಹಚ್ಚುವ ಗುರುತಿನ ಚಿತ್ರ), ಮತ್ತೆ ಒಂದು ಕೋಟ್, ಆಮೇಲೆ ವಾಶ್ (ಗೆರೆಗಳಲ್ಲಿ ಇಳಿಯುವ ತೆಳು ಬಣ್ಣ), ಕೊನೆಗೆ ಹೊಳಪಿಲ್ಲದ ಮ್ಯಾಟ್ ಕೋಟ್. ಇದರಲ್ಲಿ ಕೈ ಆಡುವ ಸಮಯಕ್ಕಿಂತ ಒಣಗಲಿ ಅಂತ ಪಕ್ಕಕ್ಕಿಟ್ಟ ಸಮಯವೇ ಜಾಸ್ತಿ, ಅಲ್ವಾ? ಋತು ಬದಲಾದಾಗ ಹಿಗ್ಗುವುದು, ಕುಗ್ಗುವುದು ಈ ಕಾಯುವ ಸಮಯವೇ. ಹಾಗಾಗಿ ಹವಾಮಾನದ ಜೊತೆ ಜಗಳ ಆಡಬೇಡಿ. ಯಾವ ಕಾಲಕ್ಕೆ ಯಾವ ಕೆಲಸ ಸುಲಭವೋ ಅದನ್ನು ಆಗ ಮಾಡಿ.

ಮೊದಲು ಒಂದು ಹೈಗ್ರೋಮೀಟರ್ ತಗೊಳ್ಳಿ. ತಾಪಮಾನ, ತೇವಾಂಶ ಎರಡನ್ನೂ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಸಾಕು. ಫೋನಿನಲ್ಲಿ ಬರುವ ಹವಾಮಾನ ನೋಡಿ ಕೆಲಸ ಮಾಡಬೇಡಿ, ಅದು ಹೊರಗಿನ ಲೆಕ್ಕ. ನೀವು ಬಣ್ಣ ಹೊಡೆಯುವ ಮೂಲೆಯ ಲೆಕ್ಕ ಬೇರೆಯೇ ಇರುತ್ತದೆ. ನನ್ನ ಪ್ರಕಾರ ಇನ್ನೊಂದು ಕಿಟ್ ಕೊಳ್ಳುವುದಕ್ಕಿಂತ ಮುಂಚೆ ಇದನ್ನು ಕೊಳ್ಳಬೇಕು. ಸುಮಾರು 20ರಿಂದ 25 ಡಿಗ್ರಿ, ತೇವಾಂಶ ಶೇ 40ರಿಂದ 60 ಇದ್ದರೆ ಯಾವ ಬಣ್ಣವಾದರೂ ಹೇಳಿದ ಮಾತು ಕೇಳುತ್ತದೆ.

ಮಳೆಗಾಲದ ವಿಷಯ

ಮಾಡೆಲ್ ಕೆಲಸಕ್ಕೆ ಜಾಸ್ತಿ ತಲೆನೋವು ಕೊಡುವ ಕಾಲ ಇದು. ಅದರಲ್ಲೂ ಲ್ಯಾಕರ್ ಬಣ್ಣ, ಅಂದರೆ ಬೇಗ ಆವಿಯಾಗುವ ಥಿನ್ನರಿನಲ್ಲಿ (ಬಣ್ಣ ತೆಳುಮಾಡುವ ದ್ರವ) ಕಲಸುವ ಬಣ್ಣ ಬಳಸುವವರಿಗೆ. ತೇವಾಂಶ ಶೇ 80 ದಾಟಿದ ದಿನ ಹೊಳಪಿನ ಲ್ಯಾಕರ್ ಹೊಡೆದರೆ ಮೇಲ್ಮೈ ಬೆಳ್ಳಗೆ ಮಂಜು ಕವಿದ ಹಾಗೆ ಆಗುತ್ತದೆ. ಇದಕ್ಕೆ ಬ್ಲಶಿಂಗ್ ಅಂತಾರೆ. ಕಾರಣ ಸರಳ. ಥಿನ್ನರ್ ಬೇಗ ಆವಿಯಾಗುವಾಗ ಬಣ್ಣದ ಮೇಲ್ಮೈಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ, ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ನೀರು ಅಲ್ಲೇ ಹನಿಗಟ್ಟಿ ಒದ್ದೆ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಹೊಳಪಿನ ಕಪ್ಪು, ಪಾರದರ್ಶಕ ಕ್ಲಿಯರ್ ಕೋಟ್, ಕಾರ್ ಮಾಡೆಲಿನ ಬಾಡಿ, ಇವುಗಳಲ್ಲಿ ಇದು ಚೆನ್ನಾಗಿ ಎದ್ದು ಕಾಣುತ್ತದೆ. ಮ್ಯಾಟ್ ಬಣ್ಣದಲ್ಲಿ ಅಷ್ಟು ಕಾಣದೇ ಇರಬಹುದು.

ಆಗಿಬಿಟ್ಟಿದ್ದರೆ ಬಣ್ಣ ಕೀಳಲು ಹೋಗಬೇಡಿ. ಗಾಳಿ ಒಣಗಿರುವ ದಿನ ನೋಡಿ, ನಿಧಾನಕ್ಕೆ ಆವಿಯಾಗುವ ಥಿನ್ನರನ್ನು ಮೇಲೆ ತೆಳುವಾಗಿ ಹೊಡೆಯಿರಿ. ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಅಂಥದ್ದೇ, ಅದರಲ್ಲಿ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಸೇರಿರುತ್ತದೆ. ಮೇಲಿನ ಪದರ ಸ್ವಲ್ಪ ಮೆತ್ತಗಾಗಿ, ಸಿಕ್ಕಿಕೊಂಡ ನೀರು ಹೊರಗೆ ಹೋಗಿ, ಹೆಚ್ಚಿನ ಸಲ ಹೊಳಪು ವಾಪಸ್ ಬರುತ್ತದೆ. ಮಳೆಗಾಲದಲ್ಲಿ ಲ್ಯಾಕರ್ ಹೊಡೆಯಲೇಬೇಕು ಅಂತಿದ್ದರೆ ಮೊದಲಿಂದಲೇ ಈ ಥಿನ್ನರಿನಲ್ಲೇ ಕಲಸಿಕೊಳ್ಳಿ. ಒಂದೇ ಸಲ ಒದ್ದೆಯಾಗಿ ಹೊಡೆಯುವ ಬದಲು ತೆಳು ಪದರಗಳನ್ನು ಬಿಟ್ಟು ಬಿಟ್ಟು ಹಾಕಿ.

ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಇದ್ದವರಿಗೆ ಇನ್ನೊಂದು ಕಾಟ. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಗಾಳಿ ಬಿಸಿಯಾಗುತ್ತದೆ, ಆಮೇಲೆ ಟ್ಯಾಂಕಿನಲ್ಲೋ ಹೋಸಿನಲ್ಲೋ ತಣ್ಣಗಾದಾಗ ಅದರಲ್ಲಿದ್ದ ತೇವ ನೀರಾಗುತ್ತದೆ. ಆ ನೀರು ಒಂದು ಹನಿ ನಳಿಗೆಯಿಂದ ಹಾರಿ ರೆಕ್ಕೆಯ ನಟ್ಟನಡುವೆ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಗಾಳಿಯಲ್ಲಿನ ನೀರು ಹಿಡಿದಿಡುವ ಮಾಯಿಶ್ಚರ್ ಟ್ರ್ಯಾಪ್ ಇರಲೇಬೇಕು. ಕೆಲಸ ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೀರು ಹೊರಗೆ ಬಿಡಿ. ಮಧ್ಯದಲ್ಲೂ ಆಗಾಗ ಪೇಪರಿನ ಮೇಲೆ ಬರೀ ಗಾಳಿ ಹೊಡೆದು ಒದ್ದೆ ಬರುತ್ತಿದೆಯಾ ನೋಡಿ.

ನೀರಿನ ಅಕ್ರಿಲಿಕ್ ಬಣ್ಣ, ಬಿಳಿ ಫೆವಿಕಾಲ್ ಥರದ ಅಂಟು, ಡಯೋರಾಮಾಕ್ಕೆ (ಮಾಡೆಲ್ ಸುತ್ತ ಕಟ್ಟುವ ಪುಟ್ಟ ದೃಶ್ಯ) ಹಾಕುವ ಪ್ಲಾಸ್ಟರ್, ಇವೆಲ್ಲ ತೇವದಲ್ಲಿ ತುಂಬಾ ನಿಧಾನ. ಮುಟ್ಟಿದರೆ ಒಣಗಿದ ಹಾಗೆ ಅನ್ನಿಸುತ್ತದೆ, ಒಳಗೆ ಇನ್ನೂ ಮೆತ್ತಗೆ ಇರುತ್ತದೆ. ಆ ಭರವಸೆಯ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿದರೆ ಟೇಪಿನ ಜೊತೆ ಬಣ್ಣವೂ ಎದ್ದು ಬರುತ್ತದೆ. ಒಣ ದಿನದಲ್ಲಿ ಒಂದು ಸಂಜೆಗೆ ಎರಡು ಪದರ ಹಾಕುತ್ತಿದ್ದರೆ ಈಗ ಒಂದೇ ಹಾಕಿ, ಟೇಪ್ ಕೆಲಸ ನಾಳೆಗೆ ಇಡಿ. ಡಯೋರಾಮಾದಲ್ಲಿ ನಿಜವಾದ ಬೇರು, ಎಲೆ, ಮಣ್ಣು ಬಳಸುವವರು ಅವನ್ನು ಪೂರ್ತಿ ಒಣಗಿಸಿಯೇ ಅಂಟಿಸಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿಯುವುದು ಗ್ಯಾರಂಟಿ.

ಸೂಪರ್ ಗ್ಲೂ ಮಾತ್ರ ಇದಕ್ಕೆ ಉಲ್ಟಾ. ಅದು ಗಟ್ಟಿಯಾಗುವುದೇ ತೇವದಿಂದ, ಹಾಗಾಗಿ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ. ಫೋಟೋ ಎಚ್ (ತೆಳು ಲೋಹದ ತುಂಡುಗಳು), ರೆಸಿನ್ (ಅಚ್ಚು ಹೊಯ್ದ ಗಟ್ಟಿ ಪ್ಲಾಸ್ಟಿಕ್) ತುಂಡುಗಳ ಕೆಲಸಕ್ಕೆ ಇದು ಅನುಕೂಲ. ತೊಂದರೆ ಏನಂದರೆ, ಅಂಟಿನ ಆವಿಯೂ ಗಾಳಿಯಲ್ಲೇ ಗಟ್ಟಿಯಾಗಿ ಸುತ್ತಲೂ ಬಿಳಿ ಪುಡಿಯಾಗಿ ಕೂರುತ್ತದೆ. ಕಾಕ್‌ಪಿಟ್ ಗಾಜಿನ ಹತ್ತಿರ ಹಾಕಿದಿರೋ, ಗಾಜು ಮಸುಕು. ಪಾರದರ್ಶಕ ಭಾಗಗಳಿಗೆ ಯಾವ ಕಾಲದಲ್ಲೂ ಸೂಪರ್ ಗ್ಲೂ ಬೇಡ, ಮಳೆಗಾಲದಲ್ಲಂತೂ ಬೇಡವೇ ಬೇಡ. ಅದಕ್ಕೆ ಬಿಳಿ ಅಂಟೋ ಕ್ಲಿಯರ್ ಪಾರ್ಟ್ಸ್ ಅಂಟೋ ಸಾಕು. ಇನ್ನು ಗ್ಲೂ ಬಾಟಲಿಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಫ್ರಿಜ್ಜಿನಲ್ಲಿ ಇಡುವ ಅಭ್ಯಾಸ ಇದ್ದರೆ, ಹೊರತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರಲಿ, ಇಲ್ಲದಿದ್ದರೆ ಒಳಗೆ ತೇವ ಸೇರಿ ಉಳಿದ ಗ್ಲೂ ಕೂಡ ಕಲ್ಲಾಗುತ್ತದೆ.

ಹಾಗಾದರೆ ಮಳೆ ಹಿಡಿದ ವಾರಗಳಲ್ಲಿ ಮಾಡುವುದೇನು? ಕಟ್ಟುವ ಕೆಲಸ ಪೂರ್ತಿ. ಸ್ಪ್ರೂನಿಂದ (ತುಂಡುಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ತುಂಡುಗಳನ್ನು ಕತ್ತರಿಸುವುದು, ಅಂಚಿನ ಗೆರೆ ಕೆರೆಯುವುದು, ಜೋಡಣೆ, ಪುಟ್ಟಿ, ಸ್ಯಾಂಡಿಂಗ್, ಪ್ಯಾನೆಲ್ ಗೆರೆ ಮತ್ತೆ ಕೊರೆಯುವುದು. ನೀರು ಹಾಕಿ ಸ್ಯಾಂಡ್ ಪೇಪರ್ ತಿಕ್ಕುವುದಕ್ಕೆ ತೇವ ಏನೂ ಅಡ್ಡಿ ಇಲ್ಲ. ಪ್ಲಾಸ್ಟಿಕ್ ಕರಗಿಸಿ ಹಿಡಿಸುವ ತೆಳು ಸಿಮೆಂಟಿಗೂ ತೇವದಿಂದ ದೊಡ್ಡ ತೊಂದರೆ ಆಗುವುದಿಲ್ಲ. ಅಂಟಿಲ್ಲದೆ ಒತ್ತಿ ಕೂರಿಸುವ ಸ್ನ್ಯಾಪ್-ಫಿಟ್ ಕಿಟ್ ಇದ್ದರೆ ಅದನ್ನು ಈ ಕಾಲಕ್ಕೇ ಎತ್ತಿಡಿ. ಮನುಷ್ಯರ ಚಿಕ್ಕ ಬೊಂಬೆಗಳ ಮುಖ, ಬಟ್ಟೆ ಎಲ್ಲ ಕುಂಚದಲ್ಲಿ ಬಣ್ಣ ಹಚ್ಚುವುದಕ್ಕೂ ಇದು ಒಳ್ಳೆಯ ಸಮಯ. ಅಕ್ರಿಲಿಕ್ ನಿಧಾನಕ್ಕೆ ಒಣಗುವುದರಿಂದ ಒಂದು ಬಣ್ಣವನ್ನು ಇನ್ನೊಂದಕ್ಕೆ ಬೆರೆಸಲು ಪುರುಸೊತ್ತು ಸಿಗುತ್ತದೆ.

ಬೇಸಿಗೆ

ಬಣ್ಣ ಬೇಗ ಒಣಗುತ್ತದೆ ಅಂತ ಖುಷಿ ಪಡುವ ಹೊತ್ತಿಗೆ ಅದು ತಲುಪುವ ಮುಂಚೆಯೇ ಒಣಗಲು ಶುರುವಾಗಿರುತ್ತದೆ. ಏರ್‌ಬ್ರಷ್ ಸೂಜಿಯ ತುದಿಯಲ್ಲೇ ಅಕ್ರಿಲಿಕ್ ಗಟ್ಟಿಯಾಗಿ ಉಗುಳತೊಡಗುತ್ತದೆ. ಇಲ್ಲವೇ ಗಾಳಿಯಲ್ಲೇ ಅರ್ಧ ಒಣಗಿ ಮಾಡೆಲ್ ಮೇಲೆ ಪುಡಿಯಾಗಿ ಬೀಳುತ್ತದೆ, ಕೈ ಆಡಿಸಿದರೆ ಸ್ಯಾಂಡ್ ಪೇಪರ್ ಥರ ಒರಟು. ಥಿನ್ನರ್ ಸ್ವಲ್ಪ ಜಾಸ್ತಿ ಹಾಕಿ, ಕೆಲವೇ ಹನಿ ರಿಟಾರ್ಡರ್ ಸೇರಿಸಿ, ಒತ್ತಡ 15 ಪಿಎಸ್ಐ ಹತ್ತಿರಕ್ಕೆ ಇಳಿಸಿ, ಬ್ರಷ್ ಹತ್ತಿರ ತನ್ನಿ. ಥಿನ್ನರಿನಲ್ಲಿ ಅದ್ದಿದ ಕಿವಿಕಡ್ಡಿ ಪಕ್ಕದಲ್ಲಿ ಇರಲಿ, ಆಗಾಗ ಸೂಜಿಯ ತುದಿ ಒರೆಸುತ್ತಾ ಇರಿ. ಕುಂಚದಲ್ಲಿ ಹಚ್ಚುವವರಿಗೆ ಬಣ್ಣ ಒಣಗದ ಹಾಗೆ ಒದ್ದೆಯಾಗಿಡುವ ವೆಟ್ ಪ್ಯಾಲೆಟ್ ಇಲ್ಲದೆ ಬೇಸಿಗೆ ಕಷ್ಟ.

ಕೆಲಸದ ಹೊತ್ತನ್ನೇ ಬದಲಾಯಿಸುವುದು ಇನ್ನೂ ಒಳ್ಳೆಯದು. ಬೆಳಗಿನ ಜಾವ ಇಲ್ಲವೇ ರಾತ್ರಿ. ಫ್ಯಾನ್ ಹಾಕಿಕೊಂಡು ಬಣ್ಣ ಹೊಡೆಯಬೇಡಿ, ಧೂಳೆಲ್ಲ ಒದ್ದೆ ಬಣ್ಣಕ್ಕೇ ಬರುತ್ತದೆ. ಬೆವರಿದ ಕೈಯಿಂದ ಪ್ಲಾಸ್ಟಿಕ್ ಮುಟ್ಟಿದರೆ ಎಣ್ಣೆಯ ಕಲೆ ಕೂತು ಪ್ರೈಮರ್ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ತೆಳು ಗ್ಲೌಸ್ ಹಾಕಿಕೊಳ್ಳಿ, ಅಥವಾ ಪ್ರೈಮರ್‌ಗೆ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ.

ತೆಳು ಸಿಮೆಂಟ್ ಬಾಟಲಿಯ ಮುಚ್ಚಳ ಪ್ರತಿ ಸಲ ಹಾಕುತ್ತಿರಿ, ಬಿಸಿಲಲ್ಲಿ ಅದು ನೋಡನೋಡುತ್ತಲೇ ಇಳಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಕಿಟ್ ಆಗಲಿ ಸ್ಪ್ರೇ ಕ್ಯಾನ್ ಆಗಲಿ ಬಿಟ್ಟು ಹೋಗಬೇಡಿ. ಕ್ಯಾನ್ ಮೇಲೆಯೇ 50 ಡಿಗ್ರಿ ದಾಟಬಾರದು ಅಂತ ಬರೆದಿರುತ್ತದೆ. ಪಿಎಲ್ಎ ಪ್ಲಾಸ್ಟಿಕ್ ಹಾಕಿ ತ್ರೀಡಿ ಪ್ರಿಂಟ್ ಮಾಡಿದ ತುಂಡುಗಳು ಸುಮಾರು 60 ಡಿಗ್ರಿಗೇ ಮೆತ್ತಗಾಗಿ ಬಾಗುತ್ತವೆ. ಮಾಸ್ಕಿಂಗ್ ಟೇಪನ್ನು ಸೆಕೆಯಲ್ಲಿ ದಿನಗಟ್ಟಲೆ ಬಿಟ್ಟರೆ ಅಂಟು ಬಣ್ಣದ ಮೇಲೇ ಉಳಿದುಬಿಡುತ್ತದೆ. ಹೊಡೆದು, ಒಣಗಿದ ಮೇಲೆ ಅದೇ ದಿನ ತೆಗೆಯಿರಿ.

ಬೇಸಿಗೆಯ ದೊಡ್ಡ ಲಾಭ ಎನಾಮೆಲ್ ಮತ್ತು ಆಯಿಲ್ ಬಣ್ಣಗಳಿಗೆ. ಇವು ಬರೀ ಥಿನ್ನರ್ ಹಾರಿಹೋದರೆ ಗಟ್ಟಿಯಾಗುವುದಿಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತವೆ, ಬಿಸಿ ಇದ್ದರೆ ಅದು ಬೇಗ ನಡೆಯುತ್ತದೆ. ಯುದ್ಧ ಟ್ಯಾಂಕಿನ ಮಾಡೆಲಿಗೆ ಕೆಸರು, ತುಕ್ಕು, ಎಣ್ಣೆಯ ಕಲೆ ಹಾಕುವ ವೆದರಿಂಗ್ ಕೆಲಸಗಳನ್ನು ಬೇಸಿಗೆಗೆ ಕೂಡಿಡಿ. ಒಣಗಿದೆಯಾ ಅಂತ ತಿಳಿಯಲು ಬೆರಳು ಇಡಬೇಡಿ, ಮೂಗು ಇಡಿ. ವಾಸನೆ ಬರುತ್ತಿದ್ದರೆ ಇನ್ನೂ ಆಗಿಲ್ಲ. ಹಳದಿಯಾದ ಹಳೆಯ ಡೀಕಾಲ್ ಹಾಳೆ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿಡಿ. ಹಳದಿ ಬಹಳ ಮಟ್ಟಿಗೆ ಇಳಿಯುತ್ತದೆ. ಆದರೆ ಡೀಕಾಲ್ ಹಚ್ಚುವಾಗ ಇದೇ ಒಣ ಹವೆ ಕಾಟ ಕೊಡುತ್ತದೆ, ಜರುಗಿಸುವ ಮುಂಚೆಯೇ ಹಿಡಿದುಬಿಡುತ್ತದೆ. ಹಚ್ಚುವ ಜಾಗದಲ್ಲಿ ನೀರು ಧಾರಾಳವಾಗಿ ಇರಲಿ.

ಚಳಿಗಾಲ

ಒಳಗೇ ಕೂರುವ ಕಾಲ, ಹಾಗಾಗಿ ಜನ ಜಾಸ್ತಿ ಕಟ್ಟುವುದು ಈಗಲೇ. ಮೂರು ತೊಂದರೆ ಇವೆ: ಬೆಳಕು, ಗಾಳಿ, ತಣ್ಣನೆಯ ಬಣ್ಣ.

ಬೇಗ ಕತ್ತಲಾಗುವುದರಿಂದ ಬಹುಪಾಲು ಕೆಲಸ ಲೈಟಿನಲ್ಲೇ ಆಗುತ್ತದೆ. ಹಳದಿ ಬಲ್ಬಿನಲ್ಲಿ ಕಲಸಿದ ಬೂದು ಬಣ್ಣ ಹಗಲಲ್ಲಿ ನೋಡಿದರೆ ಬೇರೆಯೇ ಇರುತ್ತದೆ. 5000ದಿಂದ 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು), ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲಿನ ಎಲ್ಇಡಿ ದೀಪ ಎರಡು ಕಡೆಯಿಂದ ಬೀಳುವ ಹಾಗೆ ಇಡಿ. ಬಣ್ಣ ಕಲಸಿ ತೀರ್ಮಾನ ಮಾಡುವ ಕೆಲಸವನ್ನು ರಜೆಯ ಹಗಲಿಗೆ ಬಿಡಿ.

ಚಳಿ ಅಂತ ಕಿಟಕಿ ಮುಚ್ಚಿಕೊಂಡು ಲ್ಯಾಕರ್ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಹೊರಗೆ ಗಾಳಿ ತಳ್ಳುವ ಸ್ಪ್ರೇ ಬೂತ್, ಜೊತೆಗೆ ಥಿನ್ನರ್ ಆವಿ ಹೀರುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಎರಡೂ ಇದ್ದರೆ ಮಾತ್ರ. ಬರೀ ಧೂಳಿನ ಮಾಸ್ಕ್ ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಪಕ್ಕದಲ್ಲಿ ಕಾಯಿಲ್ ಕೆಂಪಗಾಗುವ ಹೀಟರ್, ಉರಿಯುವ ಒಲೆ ಇಟ್ಟುಕೊಂಡು ಹೊಡೆಯುವುದಂತೂ ಬೆಂಕಿಗೆ ಕರೆ ಕೊಟ್ಟ ಹಾಗೆ. ಬೂತ್ ಇಲ್ಲದಿದ್ದರೆ ಚಳಿಗಾಲಕ್ಕೆ ನೀರಿನ ಅಕ್ರಿಲಿಕ್ ಹಿಡಿಯಿರಿ, ಆದರೂ ಕಣಗಳಿಗೆ ಮಾಸ್ಕ್ ಬೇಕು.

ಸ್ಪ್ರೇ ಕ್ಯಾನ್ ತಣ್ಣಗಿದ್ದರೆ ಒಳಗಿನ ಒತ್ತಡ ಇಳಿದು ಬಣ್ಣ ದಪ್ಪ ಹನಿಗಳಾಗಿ ಬೀಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ, ಅಂದರೆ 30–40 ಡಿಗ್ರಿ, ಕೆಲವು ನಿಮಿಷ ನಿಲ್ಲಿಸಿ, ಒರೆಸಿ, ಚೆನ್ನಾಗಿ ಅಲ್ಲಾಡಿಸಿ ಹೊಡೆಯಿರಿ. ಒಲೆಯ ಮೇಲೆ ಬಿಸಿ ಮಾಡುವ ಯೋಚನೆ ಬೇಡ. ಮಾಡೆಲ್ ಕೂಡ ಕೋಣೆಯ ಬಿಸಿಯಲ್ಲೇ ಇರಬೇಕು. ತಣ್ಣಗಿನ ಗ್ಯಾರೇಜಿನಿಂದ ತಂದ ತಕ್ಷಣ ಅದರ ಮೇಲೆ ಇಬ್ಬನಿ ಕೂರುತ್ತದೆ, ಬರಿಗಣ್ಣಿಗೆ ಕಾಣದಿದ್ದರೂ ಇರುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ನೀರಿನ ಅಕ್ರಿಲಿಕ್ ಬಾಟಲಿಗಳನ್ನು ಗ್ಯಾರೇಜಿನಲ್ಲಿ ಇಡಲೇಬೇಡಿ. ಒಮ್ಮೆ ಗಡ್ಡೆ ಕಟ್ಟಿದರೆ ಎಷ್ಟು ಅಲ್ಲಾಡಿಸಿದರೂ ಸರಿಹೋಗದಿರಬಹುದು. ದ್ರವ ರೆಸಿನ್ ಬಳಸುವ ತ್ರೀಡಿ ಪ್ರಿಂಟರ್ ಇದ್ದವರು ರೆಸಿನನ್ನು 20–25 ಡಿಗ್ರಿಗೆ ತಂದೇ ಪ್ರಿಂಟ್ ಕೊಡಿ, ತಣ್ಣಗಿದ್ದರೆ ಅದು ದಪ್ಪವಾಗಿ ಪ್ರಿಂಟ್ ಕೆಡುತ್ತದೆ.

ಒಣ ಚಳಿಯಲ್ಲಿ ಸ್ಥಿರ ವಿದ್ಯುತ್ ಜಾಸ್ತಿ. ಬಟ್ಟೆಯಿಂದ ತಿಕ್ಕಿ ಒರೆಸಿದಷ್ಟೂ ಪ್ಲಾಸ್ಟಿಕ್ ಇನ್ನಷ್ಟು ಧೂಳು ಎಳೆಯುತ್ತದೆ. ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲವೇ ಆಂಟಿಸ್ಟ್ಯಾಟಿಕ್ ಬ್ರಷ್ ಬಳಸಿ. ಸೂಪರ್ ಗ್ಲೂ ಈಗ ಹಿಡಿಯಲು ಸತಾಯಿಸುತ್ತದೆ. ಆ ಜಾಗಕ್ಕೆ ಒಮ್ಮೆ ಬಾಯಿಂದ ಹಬೆ ಊದಿ ಅಂಟಿಸಿದರೆ ಸಾಕು, ಎಲ್ಲದಕ್ಕೂ ಬೇಗ ಗಟ್ಟಿ ಮಾಡುವ ಆಕ್ಸಿಲರೇಟರ್ ಬೇಕಿಲ್ಲ. ಎಪಾಕ್ಸಿ ಪುಟ್ಟಿ ರಾತ್ರಿಯೆಲ್ಲ ಬಿಟ್ಟರೂ ಗಟ್ಟಿಯಾಗದಿದ್ದರೆ ಬೆಚ್ಚಗಿನ ಜಾಗಕ್ಕೆ ಸರಿಸಿ. ಹಣ್ಣು ಒಣಗಿಸುವ ಡಿಹೈಡ್ರೇಟರನ್ನು ಇದಕ್ಕೇ ಅಂತ ಇಟ್ಟುಕೊಂಡವರು ತುಂಬಾ ಜನ ಇದ್ದಾರೆ. ಮಳೆಗಾಲಕ್ಕೂ ಆಗುತ್ತದೆ. 40 ಡಿಗ್ರಿ ಸುತ್ತಮುತ್ತ ಇರಲಿ, ಹಸಿ ಲ್ಯಾಕರ್ ಹೊಡೆದು ನೇರ ಒಳಗೆ ಇಡಬೇಡಿ, ಮೊದಲು ಹೊರಗೆ ಥಿನ್ನರ್ ಹಾರಿಹೋಗಲಿ. ಆಮೇಲೆ ಅದರಲ್ಲಿ ಹಣ್ಣು ಒಣಗಿಸಬೇಡಿ, ಅಷ್ಟೇ.

ಮರದ ಹಡಗು ಕಟ್ಟುವವರಿಗೆ ಬೇರೆಯೇ ಲೆಕ್ಕ

ಮರ ತೇವಕ್ಕೆ ಅಗಲದಲ್ಲಿ ಹಿಗ್ಗುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ತೀರಾ ಕಮ್ಮಿ. ಮಳೆಗಾಲದಲ್ಲಿ ಬಿಗಿಯಾಗಿ ಕೂರಿಸಿದ ಹಲಗೆಗಳ ನಡುವೆ ಚಳಿಗಾಲದಲ್ಲಿ ಸಂದು ಕಾಣುವುದು ಇದಕ್ಕೇ. ತಂದ ಮರವನ್ನು ಕೆಲಸದ ಕೋಣೆಯಲ್ಲೇ ಕೆಲವು ವಾರ ಬಿಟ್ಟು ಆಮೇಲೆ ಬಳಸಿ. ಹಗ್ಗದ ಕೆಲಸಕ್ಕೆ ಹತ್ತಿ ಅಥವಾ ಲಿನನ್ ದಾರ ಹಾಕಿದರೆ ಅದು ತೇವದಲ್ಲಿ ಬಿಗಿಯಾಗುತ್ತದೆ, ಒಣಗಿದಾಗ ಸಡಿಲವಾಗುತ್ತದೆ. ತೀರಾ ಎಳೆದು ಕಟ್ಟಿದರೆ ತೆಳು ಕಂಬಗಳು ಬಾಗುತ್ತವೆ. ತೇವಾಂಶ ಮಧ್ಯಮವಾಗಿರುವ ದಿನಗಳಲ್ಲಿ, ಸ್ವಲ್ಪ ಸಡಿಲ ಬಿಟ್ಟು ಕಟ್ಟಿ.

ಹೀಗೆ ಜೋಡಿಸಿಕೊಳ್ಳಿ

ಒಂದೇ ಕಿಟ್ ಹಿಡಿದು ಮುಗಿಸುವವರೆಗೆ ಇನ್ನೊಂದು ಮುಟ್ಟುವುದಿಲ್ಲ ಅನ್ನುವ ಶಿಸ್ತು ಕೇಳಲು ಚೆಂದ. ಹವೆ ಕೈಕೊಟ್ಟಾಗ ಅದೇ ಶಿಸ್ತು ನಿಮ್ಮನ್ನು ತಿಂಗಳುಗಟ್ಟಲೆ ಖಾಲಿ ಕೂರಿಸುತ್ತದೆ. ಮೂರು ಕಿಟ್ ಬೇರೆ ಬೇರೆ ಹಂತದಲ್ಲಿ ಇರಲಿ: ಒಂದು ಕಟ್ಟುವುದರಲ್ಲಿ, ಒಂದು ಬಣ್ಣಕ್ಕೆ ತಯಾರಾಗಿ, ಒಂದು ಡೀಕಾಲ್ ಅಥವಾ ವೆದರಿಂಗ್ ಹಂತದಲ್ಲಿ. ಮೂರಕ್ಕಿಂತ ಜಾಸ್ತಿ ಬೇಡ, ಆಮೇಲೆ ತುಂಡುಗಳು ಕಳೆಯುತ್ತವೆ. ಪ್ರತಿ ಡಬ್ಬದ ಮೇಲೆ ಮುಂದೆ ಏನು ಮಾಡಬೇಕು, ಕೊನೆಯ ಪದರ ಯಾವ ದಿನ ಹೊಡೆದದ್ದು, ಯಾವ ಬಣ್ಣ ಎಷ್ಟು ಥಿನ್ನರಿಗೆ ಕಲಸಿದ್ದು, ಇಷ್ಟು ಚೀಟಿಯಲ್ಲಿ ಬರೆದು ಅಂಟಿಸಿ. ಕೂರುವ ಮುಂಚೆ ಮೀಟರ್ ನೋಡಿ. ಶೇ 60ರ ಒಳಗಿದ್ದರೆ ಬಣ್ಣದ ಡಬ್ಬ ತೆಗೆಯಿರಿ, 75 ದಾಟಿದ್ದರೆ ಕಟ್ಟುವ ಡಬ್ಬ, ನಡುವೆ ಇದ್ದರೆ ಮ್ಯಾಟ್ ಬಣ್ಣ, ಪ್ರೈಮರ್ ಹೊಡೆಯಬಹುದು, ಹೊಳಪಿನ ಬಣ್ಣ ಮಾತ್ರ ಬೇಡ. ಮಳೆಗಾಲದ ನಡುವೆ ಒಣ ದಿನ ಒಂದು ಸಿಕ್ಕಿತೆಂದರೆ ಬೇರೆಲ್ಲ ಬಿಟ್ಟು ಕ್ಲಿಯರ್ ಕೋಟ್ ಹೊಡೆದು ಮುಗಿಸಿ. ಅದಕ್ಕೇ ಏರ್‌ಬ್ರಷ್ ಯಾವಾಗಲೂ ತೊಳೆದು ತಯಾರಾಗಿ ಇರಲಿ, ಆ ದಿನ ಬಂದಾಗ ಸೂಜಿ ಬಿಚ್ಚಿಕೊಂಡು ಕೂರುವ ಹಾಗೆ ಆಗಬಾರದು.